ಸಮತಟ್ಟು ಚಾವಣಿಯ ಎಐ ವರದಿ ತಪ್ಪಿದಾಗ: ದೋಷ ಎಲ್ಲಿದೆ ಎಂದು ಪತ್ತೆಹಚ್ಚುವ ಕೈಪಿಡಿ

ವರದಿಯಲ್ಲಿ 143 ಬಿರುಕುಗಳಿವೆ; ಏಣಿ ಹತ್ತಿ ಎಣಿಸಿದರೆ ಹನ್ನೊಂದು. ಇನ್ನೊಂದು ಕಟ್ಟಡದ ವರದಿ ‘ಸ್ಥಿತಿ ಉತ್ತಮ’ ಎನ್ನುತ್ತದೆ. ಕೆಳಗಿನ ಗೋದಾಮಿನಲ್ಲಿ ಹನಿ ಹಿಡಿಯಲು ಬಕೆಟ್ ಇಟ್ಟಿದ್ದಾರೆ. ಎರಡೂ ಕಡೆ ಬೈಸಿಕೊಳ್ಳುವುದು ಮಾಡೆಲ್, ಅಂದರೆ ಡ್ರೋನ್ ಫೋಟೊಗಳಲ್ಲಿ ದೋಷ ಗುರುತಿಸುವ ಎಐ. ಆದರೆ ಬಹಳ ಸಲ ಮಾಡೆಲ್‌ನ ಕೈಗೆ ಬರುವ ಮೊದಲೇ ಮಾಹಿತಿ ಸೋರಿಹೋಗಿರುತ್ತದೆ: ಡ್ರೋನ್ ಹಾರಿದ ಎತ್ತರದಲ್ಲಿ, ಶಟರ್‌ನ ವೇಗದಲ್ಲಿ, ಚಿತ್ರವನ್ನು ಕುಗ್ಗಿಸಿದ ಹಂತದಲ್ಲಿ. ಆದ್ದರಿಂದ ಈ ಕೈಪಿಡಿ ಮಾಡೆಲ್‌ನಿಂದ ಶುರುವಾಗುವುದಿಲ್ಲ, ಫೋಟೊದಿಂದ ಶುರುವಾಗುತ್ತದೆ. ವಾಣಿಜ್ಯ ಕಟ್ಟಡಗಳ ಸಮತಟ್ಟು ಚಾವಣಿಗಳಲ್ಲಿ ಸಾಮಾನ್ಯವಾಗಿ ಕಾಣುವ ಟಿಪಿಒ, ಪಿವಿಸಿ (ಎರಡೂ ಪ್ಲಾಸ್ಟಿಕ್ ಹಾಳೆ), ಇಪಿಡಿಎಂ (ರಬ್ಬರ್ ಹಾಳೆ) ಮತ್ತು ಬಿಟುಮೆನ್ (ಡಾಂಬರು) ಹಾಳೆಗಳ ಮೆಂಬ್ರೇನ್, ಅಂದರೆ ನೀರು ತಡೆಯುವ ಹೊದಿಕೆ, ಇಲ್ಲಿನ ವಿಷಯ.

ಎಲ್ಲಕ್ಕಿಂತ ಮೊದಲು ಮಾಡುವ ಪರೀಕ್ಷೆ

ತಪ್ಪಿದೆ ಎನಿಸಿದ ಜಾಗದ ಮೂಲ ಫೋಟೊವನ್ನು ತೆರೆಯಿರಿ. ವರದಿಯೊಳಗೆ ಅಂಟಿಸಿರುವ ಚಿಕ್ಕ ಚಿತ್ರ ಬೇಡ, ಫೋಟೊಗಳನ್ನೆಲ್ಲ ಸೇರಿಸಿ ಜೋಡಿಸಿದ ನಕ್ಷೆಯೂ ಬೇಡ. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಬಂದ ಕಡತವೇ ಆಗಬೇಕು. ಅದನ್ನು 100% ಗಾತ್ರದಲ್ಲಿ, ಅಂದರೆ ಚಿತ್ರದ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲ್‌ಗೆ ಸಮವಾಗುವಂತೆ ನೋಡಿ. ಆಮೇಲೆ ಒಂದೇ ಪ್ರಶ್ನೆ: ಚಾವಣಿ ಬಲ್ಲ ಮನುಷ್ಯನ ಕಣ್ಣಿಗೆ ಈ ಫೋಟೊದಲ್ಲಿ ದೋಷ ಕಾಣುತ್ತದೆಯೇ?

ಕಾಣುವುದಿಲ್ಲ ಎಂದಾದರೆ ಚಿತ್ರೀಕರಣದ ದೋಷ. ಮಾಡೆಲ್ ಬದಲಿಸಿ ಪ್ರಯೋಜನವಿಲ್ಲ. ಮೂಲದಲ್ಲಿ ಕಾಣುತ್ತದೆ, ಜೋಡಿಸಿದ ನಕ್ಷೆಯಲ್ಲಿ ಕಾಣುವುದಿಲ್ಲ ಎಂದಾದರೆ ಜೋಡಣೆಯ ದೋಷ. ಎರಡರಲ್ಲೂ ಚೆನ್ನಾಗಿ ಕಾಣುತ್ತದೆ, ಆದರೂ ಗುರುತಾಗಿಲ್ಲ ಎಂದಾದರೆ ಮಾತ್ರ ಮಾಡೆಲ್ ಮತ್ತು ಅದರ ಸೆಟ್ಟಿಂಗ್‌ಗಳ ಕಡೆ ಹೋಗಿ. ಈ ಒಂದು ಪರೀಕ್ಷೆಗೆ ಹದಿನೈದು ನಿಮಿಷ ಸಾಕು. ಇದನ್ನು ಬಿಟ್ಟು ನೇರವಾಗಿ ಸೆಟ್ಟಿಂಗ್ ತಿರುಚುತ್ತ ಕೂತವರು ದಿನಗಟ್ಟಲೆ ಕಳೆಯುತ್ತಾರೆ.

ಇರುವ ದೋಷ ಗುರುತಾಗುತ್ತಿಲ್ಲ

ಇದು ಹೆಚ್ಚು ಅಪಾಯದ ತಪ್ಪು, ಕಾರಣಗಳೂ ಹೆಚ್ಚು. ಮೊದಲು ಒಂದು ಪಿಕ್ಸೆಲ್ ಚಾವಣಿಯ ಮೇಲೆ ಎಷ್ಟು ಮಿಲಿಮೀಟರ್ ಆವರಿಸುತ್ತದೆ ಎಂದು ಲೆಕ್ಕ ಹಾಕಿ. ಡ್ರೋನ್ ಬಳಸುವವರು ಇದನ್ನು ಜಿಎಸ್‌ಡಿ ಎನ್ನುತ್ತಾರೆ. ಸಂವೇದಕದ ಅಗಲವನ್ನು ಚಾವಣಿಯಿಂದ ಇರುವ ಎತ್ತರಕ್ಕೆ ಗುಣಿಸಿ, ಬಂದದ್ದನ್ನು ಲೆನ್ಸ್‌ನ ಫೋಕಲ್ ದೂರ ಮತ್ತು ಚಿತ್ರದ ಅಗಲದ ಪಿಕ್ಸೆಲ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಆಯಿತು. 13.2 ಮಿ.ಮೀ. ಅಗಲದ (ಹೆಸರಿಗಷ್ಟೇ ‘ಒಂದಂಗುಲ’) ಸಂವೇದಕ, 8.8 ಮಿ.ಮೀ. ಲೆನ್ಸ್, 5472 × 3648 ಪಿಕ್ಸೆಲ್ ಇರುವ ಕ್ಯಾಮೆರಾ 30 ಮೀಟರ್ ಎತ್ತರದಲ್ಲಿದ್ದರೆ ಒಂದು ಪಿಕ್ಸೆಲ್‌ಗೆ 8.2 ಮಿ.ಮೀ. ಬರುತ್ತದೆ. ಅದೇ ಕ್ಯಾಮೆರಾ 10 ಮೀಟರಿಗೆ ಇಳಿದರೆ 2.7 ಮಿ.ಮೀ.

ದೋಷವೊಂದನ್ನು ಮಾಡೆಲ್ ನಂಬಿಕೆಯಿಂದ ಹಿಡಿಯಬೇಕಾದರೆ ಅದರ ಅಗಲಕ್ಕೆ ಕನಿಷ್ಠ 3ರಿಂದ 5 ಪಿಕ್ಸೆಲ್ ಸಿಗಬೇಕು ಎಂದು ಇಟ್ಟುಕೊಳ್ಳಿ. ಹಾಗಾದರೆ 30 ಮೀಟರ್ ಎತ್ತರದ ಫೋಟೊದಲ್ಲಿ ಸುಮಾರು 25 ಮಿ.ಮೀ.ಗಿಂತ ಕಿರಿದಾದುದನ್ನು ಹುಡುಕುವುದೇ ತಪ್ಪು. ಬೊಬ್ಬೆ, ಕಿತ್ತುಹೋದ ತೇಪೆ, ನಿಂತ ನೀರು, ಮುಚ್ಚಿಹೋದ ಡ್ರೈನ್ ಸಿಗುತ್ತವೆ. ಬಾಯಿಬಿಟ್ಟ ಜಾಯಿಂಟ್, ಸ್ಕ್ರೂ ಚುಚ್ಚಿದ ತೂತು ಸಿಗುವುದಿಲ್ಲ. ಇಡೀ ಚಾವಣಿಗೆ 25–30 ಮೀಟರಿನ ಒಂದು ಹಾರಾಟ, ಜಾಯಿಂಟ್, ಡ್ರೈನ್, ಪೈಪ್ ಸುತ್ತಿನ ಜಾಗಗಳಿಗೆ 8–10 ಮೀಟರಿನ ಇನ್ನೊಂದು ಹಾರಾಟ ಎಂದು ಎರಡಾಗಿ ಯೋಜಿಸುವುದೇ ಸರಿ.

ಎತ್ತರದ ಸಂಖ್ಯೆಯನ್ನು ಹಾಗೇ ನಂಬಬೇಡಿ. ಹೆಚ್ಚಿನ ಡ್ರೋನ್‌ಗಳು ಎತ್ತರವನ್ನು ತಾವು ಮೇಲೆದ್ದ ಜಾಗದಿಂದ ಅಳೆಯುತ್ತವೆ. ನೆಲದಿಂದ ಹಾರಿಸಿ 30 ಮೀಟರ್ ಎಂದು ಕೊಟ್ಟು, ಕಟ್ಟಡವೇ 12 ಮೀಟರ್ ಇದ್ದರೆ, ಚಾವಣಿಯ ಮೇಲೆ ಉಳಿಯುವುದು 18 ಮೀಟರ್. ವಿವರ ಹೆಚ್ಚು ಸಿಗುತ್ತದೆ, ಒಳ್ಳೆಯದೇ ಆಯಿತು ಎನಿಸಬಹುದು. ಆದರೆ ಚಿತ್ರಗಳ ನಡುವಿನ ಅತಿಕ್ರಮಣ, ಅಂದರೆ ಒಂದು ಚಿತ್ರದ ಜಾಗ ಪಕ್ಕದ ಚಿತ್ರದಲ್ಲೂ ಬರುವ ಪಾಲು, ಕುಸಿಯುತ್ತದೆ. ಮೇಲಿನ ಕ್ಯಾಮೆರಾದಲ್ಲಿ ಹಾರುವ ದಿಕ್ಕಿನಲ್ಲಿ ಒಂದು ಚಿತ್ರ ಆವರಿಸುವ ಉದ್ದ ಎತ್ತರದಷ್ಟೇ ಇರುತ್ತದೆ. 30 ಮೀಟರಿಗೆ 75% ಎಂದು ಯೋಜಿಸಿದಾಗ ಪ್ರತಿ 7.5 ಮೀಟರಿಗೊಂದು ಚಿತ್ರ. 18 ಮೀಟರಿನಲ್ಲಿ ಅದೇ 7.5 ಮೀಟರ್ ಅಂತರ ಎಂದರೆ 58% ಮಾತ್ರ. ಪಕ್ಕದ ಸಾಲುಗಳ ನಡುವೆ 70% ಇದ್ದದ್ದು 50%ಕ್ಕೆ ಇಳಿಯುತ್ತದೆ. ಬಿಳಿ ಟಿಪಿಒ ಮೇಲೆ ಮೊದಲೇ ಗುರುತು ಹಿಡಿಯುವಂಥ ವಿವರ ಕಡಿಮೆ. ಅತಿಕ್ರಮಣವೂ ಇಳಿದರೆ ಜೋಡಿಸುವ ತಂತ್ರಾಂಶ ಒಂದು ಪಟ್ಟಿಯನ್ನೇ ನುಂಗಿಬಿಡುತ್ತದೆ. ನಕ್ಷೆಯಲ್ಲಿ ಅಲ್ಲೊಂದು ಕಡೆ ಎಸಿ ಯೂನಿಟ್ ಮೊಂಡಾಗಿ, ಜಾಯಿಂಟ್ ಗೆರೆ ಮೆಟ್ಟಿಲಿನಂತೆ ಮುರಿದಿದ್ದರೆ ಕಾರಣ ಇದೇ ಎಂದು ಶಂಕಿಸಿ. ಚಾವಣಿಯ ಮೇಲಿಂದಲೇ ಹಾರಿಸಿ, ಇಲ್ಲವೇ ಕಟ್ಟಡದ ಎತ್ತರವನ್ನು ಸೇರಿಸಿ ಯೋಜಿಸಿ. ಬಿಳಿ ಮೆಂಬ್ರೇನ್‌ಗೆ ಮುಂದಕ್ಕೆ 80%, ಪಕ್ಕಕ್ಕೆ 75% ಇಟ್ಟರೆ ಕ್ಷೇಮ.

ನಂತರದ್ದು ಚಲನೆಯ ಮಸುಕು. ಡ್ರೋನ್‌ನ ವೇಗವನ್ನು ಶಟರ್ ತೆರೆದಿರುವ ಸಮಯಕ್ಕೆ ಗುಣಿಸಿ. ಸೆಕೆಂಡಿಗೆ 4 ಮೀಟರ್ ವೇಗ, 1/200 ಸೆಕೆಂಡ್ ಶಟರ್ ಎಂದರೆ 20 ಮಿ.ಮೀ. ಎಳೆತ, 10 ಮೀಟರ್ ಎತ್ತರದ ಫೋಟೊದಲ್ಲಿ ಅದು ಏಳು ಪಿಕ್ಸೆಲ್‌ಗಿಂತ ಹೆಚ್ಚು. 3 ಮಿ.ಮೀ. ಬಿರುಕು ಅದರಲ್ಲಿ ಕರಗಿಹೋಗುತ್ತದೆ. ಮಸುಕು ಅರ್ಧ ಪಿಕ್ಸೆಲ್ ದಾಟಬಾರದು ಎಂಬ ಅಳತೆ ಇಟ್ಟುಕೊಂಡರೆ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ 1/1600 ಸೆಕೆಂಡ್ ಶಟರ್ ಬೇಕು. ಪತ್ತೆಹಚ್ಚುವುದು ಸುಲಭ: ಚುಕ್ಕಿಯಂತಿರಬೇಕಾದ ಸ್ಕ್ರೂ ತಲೆಗಳೆಲ್ಲ ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ಮಸುಕಾಗಿದೆ. ಎಲ್ಲ ದಿಕ್ಕಿನಲ್ಲೂ ಮೆತ್ತಗಿದ್ದರೆ ಫೋಕಸ್ ತಪ್ಪಿದೆ.

ಬಿಳಿ ಚಾವಣಿಯಲ್ಲಿ ಇನ್ನೊಂದು ಕಾಟ, ಬೆಳಕು ಮಿತಿಮೀರುವುದು. ನಡುಹಗಲಿನ ಟಿಪಿಒ ಫೋಟೊದಲ್ಲಿ ಹೊಳಪು ಗರಿಷ್ಠ ಮಟ್ಟವಾದ 255ಕ್ಕೆ ತಾಗಿ ಅಲ್ಲೇ ನಿಂತರೆ, ಆ ಭಾಗದ ಸೂಕ್ಷ್ಮ ವಿವರ ಕಡತದಲ್ಲೇ ಇರುವುದಿಲ್ಲ. ಆಮೇಲೆ ಎಷ್ಟು ಕತ್ತಲು ಮಾಡಿದರೂ ಬೂದುಬಣ್ಣದ ಬಯಲಷ್ಟೇ ಸಿಗುತ್ತದೆ. ಹಿಸ್ಟೋಗ್ರಾಮ್‌ನ (ಚಿತ್ರದಲ್ಲಿ ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ರೇಖಾಚಿತ್ರ) ಬಲತುದಿಗೆ ಗುಡ್ಡೆ ಅಂಟಿಕೊಂಡಿದೆಯೇ ನೋಡಿ. ಎಕ್ಸ್‌ಪೋಷರನ್ನು 0.7ರಿಂದ 1 ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ ಮತ್ತೆ ತೆಗೆಯಿರಿ. ಕಪ್ಪು ಇಪಿಡಿಎಂಗೆ ಇದರ ತದ್ವಿರುದ್ಧ, ಸ್ವಲ್ಪ ಏರಿಸಬೇಕು. ಬಿಳಿ ಚಾವಣಿಗೆ ಹೊಂದಿಸಿದ ಸೆಟ್ಟಿಂಗನ್ನೇ ಪಕ್ಕದ ಕಪ್ಪು ಚಾವಣಿಗೂ ಬಳಸಿದರೆ ಎರಡರಲ್ಲೊಂದು ಹಾಳು.

ಇನ್ನು ಯಾರೂ ನೋಡದ ಜಾಗಕ್ಕೆ ಬರೋಣ. ಫೋಟೊ ಚೆನ್ನಾಗಿದೆ, 100% ಗಾತ್ರದಲ್ಲಿ ಬಿರುಕು ಕಣ್ಣಿಗೆ ಹೊಡೆಯುತ್ತದೆ, ಆದರೂ ಮಾಡೆಲ್ ಸುಮ್ಮನಿದೆ. ಆಗ ಚಿತ್ರವನ್ನು ಮಾಡೆಲ್‌ಗೆ ಯಾವ ಗಾತ್ರದಲ್ಲಿ ಉಣಿಸಲಾಗುತ್ತಿದೆ ಎಂದು ವಿಚಾರಿಸಿ. ವಸ್ತು ಪತ್ತೆಯ ಹಲವು ಮಾಡೆಲ್‌ಗಳು ಒಳಬರುವ ಚಿತ್ರವನ್ನು 640 × 640 ಪಿಕ್ಸೆಲ್‌ಗೆ ಕುಗ್ಗಿಸುತ್ತವೆ. 5472 ಪಿಕ್ಸೆಲ್ 640 ಆದಾಗ ಎಂಟೂವರೆ ಪಟ್ಟು ವಿವರ ನಷ್ಟ. 10 ಮೀಟರ್ ಎತ್ತರದಿಂದ ಕಷ್ಟಪಟ್ಟು ಗಳಿಸಿದ 2.7 ಮಿ.ಮೀ. ಆಗ 23 ಮಿ.ಮೀ. ಆಗಿರುತ್ತದೆ, ಸುಮಾರು 85 ಮೀಟರಿನಿಂದ ತೆಗೆದಿದ್ದರೂ ಇಷ್ಟೇ ಸಿಗುತ್ತಿತ್ತು! ಪರಿಹಾರ: ಮೂಲ ಚಿತ್ರವನ್ನು 640 ಅಥವಾ 1024 ಪಿಕ್ಸೆಲ್‌ನ ತುಂಡುಗಳಾಗಿ, ಅಕ್ಕಪಕ್ಕದ ತುಂಡುಗಳು 20% ಒಂದರ ಮೇಲೊಂದು ಬರುವಂತೆ ಕತ್ತರಿಸಿ, ಒಂದೊಂದನ್ನೂ ಮಾಡೆಲ್‌ಗೆ ಕೊಟ್ಟು, ಫಲಿತಾಂಶವನ್ನು ಮತ್ತೆ ಜೋಡಿಸುವುದು. ಸೆಟ್ಟಿಂಗ್ ನಿಮ್ಮ ಕೈಯಲ್ಲಿಲ್ಲದಿದ್ದರೆ ಹೀಗೆ ಪರೀಕ್ಷಿಸಿ: ತಪ್ಪಿಹೋದ ಜಾಗವನ್ನಷ್ಟೇ 800 ಪಿಕ್ಸೆಲ್ ಚೌಕವಾಗಿ ಕತ್ತರಿಸಿ ಮತ್ತೆ ಕಳಿಸಿ. ಈಗ ಗುರುತಾದರೆ, ಕುಗ್ಗಿಸುವ ಹಂತವೇ ಕಳ್ಳ.

ಸಂದೇಶದ ಆ್ಯಪ್ ಮೂಲಕ ಕಳಿಸಿದ ಫೋಟೊಗಳಲ್ಲೂ ಇದೇ ಗತಿ. ಗಾತ್ರ ಕುಗ್ಗುತ್ತದೆ, ಜೆಪೆಗ್ ಸಂಕುಚನದಿಂದ ಬಿರುಕಿನ ಅಂಚುಗಳಲ್ಲಿ ಚೌಕಚೌಕದ ಕಲೆ ಏಳುತ್ತದೆ, ಕಡತದೊಳಗೆ ದಾಖಲಾಗಿದ್ದ ಸ್ಥಳ ಮತ್ತು ಎತ್ತರದ ಮಾಹಿತಿ (ಎಕ್ಸಿಫ್) ಅಳಿಸಿಹೋಗುತ್ತದೆ. ಕಡತವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ ಅಥವಾ ಕಾರ್ಡಿನಿಂದಲೇ ನಕಲಿಸಿ.

ನೇರ ಕೆಳಮುಖವಾಗಿ ತೆಗೆದ ಫೋಟೊದಲ್ಲಿ ಪ್ಯಾರಪೆಟ್ ಗೋಡೆಯ ಒಳಮೈ ಒಂದು ಗೆರೆಯಷ್ಟೇ ಕಾಣುತ್ತದೆ. ಸೋರಿಕೆ ಹುಟ್ಟುವ ಜಾಗಗಳಲ್ಲಿ ದೊಡ್ಡ ಪಾಲು ಆ ಮಡಿಕೆಯಲ್ಲೇ ಇರುತ್ತದೆ: ಇಪಿಡಿಎಂ ವರ್ಷಗಳಲ್ಲಿ ಕುಗ್ಗಿ ಗೋಡೆಯ ಬುಡದಲ್ಲಿ ಡೇರೆಯಂತೆ ಎಳೆದುಕೊಳ್ಳುತ್ತದೆ, ಫ್ಲಾಶಿಂಗ್‌ನ (ಗೋಡೆಯ ಮೇಲಕ್ಕೆ ಹತ್ತಿಸಿದ ಪಟ್ಟಿ) ಮೇಲಂಚು ಬಿಡುತ್ತದೆ, ಪೈಪ್ ಸುತ್ತಿನ ಸೀಲಂಟ್ ಒಣಗಿ ಸೀಳುತ್ತದೆ. ಕ್ಯಾಮೆರಾವನ್ನು 45 ಡಿಗ್ರಿ ಓರೆ ಮಾಡಿ ನಾಲ್ಕೂ ಗೋಡೆಗಳ ಉದ್ದಕ್ಕೆ ಒಂದೊಂದು ಸುತ್ತು ಹಾಕದೆ ಬಂದ ವರದಿಯಲ್ಲಿ ‘ಫ್ಲಾಶಿಂಗ್: ದೋಷವಿಲ್ಲ’ ಎಂದಿದ್ದರೆ ಅದನ್ನು ‘ಫ್ಲಾಶಿಂಗ್: ನೋಡಿಲ್ಲ’ ಎಂದು ಓದಿಕೊಳ್ಳಿ.

ಫೋಟೊದಲ್ಲಿ ಯಾವತ್ತಿಗೂ ಸಿಗದ ದೋಷವೂ ಒಂದಿದೆ. ಬಿಸಿಗಾಳಿಯಿಂದ ಬೆಸೆದ ಟಿಪಿಒ ಅಥವಾ ಪಿವಿಸಿ ಜಾಯಿಂಟ್ ಸರಿಯಾಗಿ ಕರಗದೆ ಮೇಲೆ ಅಂಟಿದಂತೆ ಮಲಗಿದ್ದರೆ, ಕ್ಯಾಮೆರಾಕ್ಕೆ ಅದೂ ಒಂದೇ, ಗಟ್ಟಿ ಬೆಸುಗೆಯೂ ಒಂದೇ. ಮೊಂಡು ತುದಿಯ ಕೊಕ್ಕೆಯನ್ನು ಜಾಯಿಂಟ್ ಅಂಚಿನಗುಂಟ ಎಳೆದು ನೋಡುವುದೊಂದೇ ದಾರಿ.

ಇಲ್ಲದ ದೋಷ ಗುರುತಾಗುತ್ತಿದೆ

ಮೊದಲ ಶಂಕೆ ನೆರಳಿನ ಮೇಲಿರಲಿ. ಮಿಂಚುವಾಹಕದ ತಂತಿ, ಕೇಬಲ್, ಪೈಪುಗಳ ನೆರಳು ಉದ್ದ, ಕಪ್ಪು, ಕಿರಿದು. ಮಾಡೆಲ್‌ಗೆ ಅದು ಬಿರುಕಿನಂತೆಯೇ. ಒಂದು ಗಂಟೆ ಬಿಟ್ಟು ಅದೇ ಜಾಗದ ಇನ್ನೊಂದು ಫೋಟೊ ತೆಗೆಯಿರಿ. ಅಷ್ಟರಲ್ಲಿ ಸೂರ್ಯ ಸುಮಾರು 15 ಡಿಗ್ರಿ ಸರಿದಿರುತ್ತಾನೆ. ಗೆರೆ ಸರಿದರೆ ನೆರಳು, ಅಲ್ಲೇ ಇದ್ದರೆ ಬೇರೇನೋ. ತಂತಿಯೇ ಗುರುತಾಗಿದ್ದರೆ ಸಮಾನ ಅಂತರದಲ್ಲಿ ಕ್ಲಿಪ್‌ಗಳು ಕಾಣುತ್ತವೆ. ಬಿರುಕಿಗೆ ಅಂಥ ಶಿಸ್ತು ಇಲ್ಲ.

ಹಾಗೆಂದು ನೆರಳನ್ನೇ ದೂರ ಇಡಬಾರದು. ಬೊಬ್ಬೆ, ಉಬ್ಬುಗೆರೆ, ಜಾಯಿಂಟ್ ಅಂಚಿನ ಮೀನುಬಾಯಿ ಸುಕ್ಕು ಇವೆಲ್ಲ ಕಾಣುವುದೇ ನೆರಳಿನಿಂದ. 5 ಮಿ.ಮೀ. ಎತ್ತರದ ಉಬ್ಬು, ಸೂರ್ಯ 30 ಡಿಗ್ರಿಯಲ್ಲಿದ್ದಾಗ 8.7 ಮಿ.ಮೀ. ನೆರಳು ಚೆಲ್ಲುತ್ತದೆ, 60 ಡಿಗ್ರಿಯಲ್ಲಿದ್ದಾಗ 2.9 ಮಿ.ಮೀ. ಮಾತ್ರ. 2.7 ಮಿ.ಮೀ. ಪಿಕ್ಸೆಲ್‌ನಲ್ಲಿ ಅದು ಮೂರು ಪಿಕ್ಸೆಲ್‌ಗೂ ಒಂದು ಪಿಕ್ಸೆಲ್‌ಗೂ ಇರುವ ವ್ಯತ್ಯಾಸ. ಉಬ್ಬು ಹುಡುಕಲು ಇಳಿಬಿಸಿಲು, ಬಿರುಕು ಮತ್ತು ಕಲೆ ಹುಡುಕಲು ತೆಳುಮೋಡದ ಬೆಳಕು. ಒಂದೇ ಹಾರಾಟದಲ್ಲಿ ಎರಡೂ ಬೇಕೆಂದರೆ ಎರಡೂ ಅರ್ಧಂಬರ್ಧ.

ಎರಡನೆಯದು, ಮಾಡೆಲ್ ಕಲಿತ ಚಾವಣಿಯೇ ಬೇರೆ, ತೋರಿಸಿದ ಚಾವಣಿಯೇ ಬೇರೆ. ಇಳಿಜಾರು ಮನೆಗಳ ಹೆಂಚು, ಶಿಂಗಲ್ ಫೋಟೊಗಳಿಂದ ಕಲಿತ ಮಾಡೆಲ್ ಸಮತಟ್ಟು ಮೆಂಬ್ರೇನ್ ಮೇಲೆ ಎಡವುವ ರೀತಿ ಪ್ರತಿ ವಸ್ತುವಿಗೂ ಬೇರೆಬೇರೆ. ಬಿಟುಮೆನ್ ಹಾಳೆಯನ್ನು ಬೆಂಕಿಯಿಂದ ಬೆಸೆದಾಗ ಜಾಯಿಂಟ್ ಅಂಚಿನಿಂದ 6ರಿಂದ 12 ಮಿ.ಮೀ. ಕರಿ ಡಾಂಬರು ಹೊರಗೆ ಉಕ್ಕುತ್ತದೆ. ಅದು ಒಳ್ಳೆಯ ಬೆಸುಗೆಯ ಗುರುತು. ಅರಿಯದ ಮಾಡೆಲ್ ಅದನ್ನು ‘ತೆರೆದ ಜಾಯಿಂಟ್’ ಎಂದು ಉದ್ದಕ್ಕೂ ಕೆಂಪು ಬಳಿಯುತ್ತದೆ. ಬಿಟುಮೆನ್ ಮೇಲ್ಮೈಯ ಮೊಸಳೆ ಚರ್ಮದಂಥ ಸೀಳುಗಳು ಬಿಸಿಲಿಗೆ ಒಣಗಿದ ಮೇಲ್ಪದರದವೇ ಅಥವಾ ಹಾಳೆಯನ್ನೇ ಸೀಳಿದವೇ ಎಂಬುದು ಮೇಲಿಂದ ತೆಗೆದ ಫೋಟೊದಲ್ಲಿ ತೀರ್ಮಾನವಾಗುವುದಿಲ್ಲ, ಆಳ ನೋಡಬೇಕು. ಇಪಿಡಿಎಂ ಮೇಲಿನ ಹೆಜ್ಜೆಗುರುತು, ಹಳೆಯ ತೇಪೆಯ ಅಂಚು, ನಡೆದಾಡಲು ಹಾಸಿದ ಪಟ್ಟಿ, ಇವು ಮೂರೂ ‘ಹಾನಿ’ಯ ಪಟ್ಟಿಗೆ ಸುಲಭವಾಗಿ ಸೇರುತ್ತವೆ. ಸಮಾನ ಅಂತರದಲ್ಲಿ ಸಾಲಾಗಿ ಬಂದ ಚುಕ್ಕಿಗಳನ್ನು ಮಾತ್ರ ಸುಳ್ಳೆಂದು ತಳ್ಳಿಹಾಕಬೇಡಿ. ಅವು ಮೆಂಬ್ರೇನ್ ಕೆಳಗಿನ ಸ್ಕ್ರೂ ಮತ್ತು ತಟ್ಟೆಗಳು. ತಟ್ಟೆಯ ಆಕಾರ ಚಪ್ಪಟೆಯಾಗಿ ಕಂಡರೆ ಸಹಜ. ನಡುವೆ ಮೊನೆಯಾಗಿ ಎದ್ದಿದ್ದರೆ ಸ್ಕ್ರೂ ಹಿಂದೆ ಸರಿದು ಒಳಗಿನಿಂದ ಚುಚ್ಚಲು ಶುರುಮಾಡಿದೆ.

ಮೂರನೆಯದು ನೀರು. ಮಳೆ ನಿಂತ ಅರ್ಧ ಗಂಟೆಗೆ ಫೋಟೊ ತೆಗೆದರೆ ಇಡೀ ಚಾವಣಿ ‘ನೀರು ನಿಂತಿದೆ’ ಎಂದು ಗುರುತಾಗುತ್ತದೆ. ಚಾವಣಿ ಕೆಲಸದಲ್ಲಿ ನೀರು ನಿಂತಿದೆ ಎನ್ನುವುದು ಮಳೆ ನಿಂತು 48 ಗಂಟೆಯ ಮೇಲೂ ಉಳಿದದ್ದಕ್ಕೆ. ಒಣ ಚಾವಣಿಯಲ್ಲಿ ಮಾಡೆಲ್ ನೋಡುವುದು ನೀರು ಬತ್ತಿದ ಮೇಲೆ ಉಳಿದ ಕೊಳೆಯ ಉಂಗುರವನ್ನು. ಅದು ಒಳ್ಳೆಯ ಸುಳಿವೇ, ಆದರೆ ಎಸಿ ಯೂನಿಟ್‌ನಿಂದ ಹನಿಯುವ ನೀರು ಬಿಟ್ಟ ಕಲೆಯೂ ಹೀಗೇ ಇರುತ್ತದೆ. ಉಂಗುರ ಮುಚ್ಚಿಕೊಂಡಿದ್ದರೆ ತಗ್ಗು, ಒಂದು ಕಡೆಗೆ ಬಾಲದಂತೆ ಹರಿದಿದ್ದರೆ ಹರಿವಿನ ಕಲೆ. ಖಚಿತವಾಗಬೇಕೆಂದರೆ 48 ಗಂಟೆಯ ನಂತರ ಹತ್ತಿ, ನೀರಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು, ನಡುವೆ ಉಕ್ಕಿನ ಪಟ್ಟಿಯಿಂದ ಆಳ ಅಳೆಯಿರಿ. 25 ಮಿ.ಮೀ. ಆಳ ಎಂದರೆ ಪ್ರತಿ ಚದರ ಮೀಟರಿಗೆ 25 ಕಿಲೋ. 10 ಮೀಟರ್ ಚೌಕದ ತಗ್ಗಿನಲ್ಲಿ ಎರಡೂವರೆ ಟನ್. ಇಂಥದ್ದು ಸಿಕ್ಕರೆ ಫೋಟೊ ವಿಶ್ಲೇಷಣೆ ಪಕ್ಕಕ್ಕಿಟ್ಟು ರಚನಾ ಎಂಜಿನಿಯರನ್ನು ಕರೆಸಿ.

ಫೋಟೊಗಳಿಂದ ಎತ್ತರದ ನಕ್ಷೆ ಮಾಡಿ ತಗ್ಗು ಹುಡುಕುವುದಾದರೆ ಚಾವಣಿ ಒಣಗಿರಲೇಬೇಕು. ನೀರಿನ ಮೇಲೆ ಆಕಾಶ ಪ್ರತಿಫಲಿಸಿ ಒಂದೊಂದು ಫೋಟೊದಲ್ಲಿ ಒಂದೊಂದು ಬಗೆಯಾಗಿ ಕಾಣುವುದರಿಂದ, ಬೇಕಾದ ಜಾಗದಲ್ಲೇ ನಕ್ಷೆ ಕೆಡುತ್ತದೆ.

ಎಣಿಕೆ, ಅಳತೆ, ಜಾಗ ತಾಳೆಯಾಗುತ್ತಿಲ್ಲ

ಮೊದಲು ಹೇಳಿದ 143 ಮತ್ತು ಹನ್ನೊಂದರ ಕಥೆ ಇಲ್ಲಿದೆ. ಮುಂದಕ್ಕೆ 75% ಅತಿಕ್ರಮಣವಿದ್ದರೆ ಚಾವಣಿಯ ಪ್ರತಿ ಬಿಂದು ಒಂದು ಸಾಲಿನಲ್ಲಿ 4 ಚಿತ್ರಗಳಲ್ಲಿ ಬರುತ್ತದೆ. ಪಕ್ಕಕ್ಕೆ 70% ಇದ್ದರೆ ಅಂಥ ಮೂರಕ್ಕಿಂತ ಹೆಚ್ಚು ಸಾಲುಗಳಲ್ಲಿ ಬರುತ್ತದೆ. ಒಟ್ಟು ಸುಮಾರು 13 ಚಿತ್ರ. ಒಂದೊಂದು ಚಿತ್ರದ ಫಲಿತಾಂಶವನ್ನೂ ಕೂಡಿಸಿಬಿಟ್ಟರೆ ಒಂದು ಬಿರುಕು ಹದಿಮೂರಾಗುತ್ತದೆ. ವರದಿಯ ಸಂಖ್ಯೆ ನೈಜ ಎಣಿಕೆಯ ಹತ್ತು-ಹದಿನೈದು ಪಟ್ಟಿದ್ದರೆ ಬೇರೆ ಕಾರಣ ಹುಡುಕುವ ಮೊದಲು ಇದನ್ನೇ ನೋಡಿ. ಎಣಿಕೆ ಜೋಡಿಸಿದ ನಕ್ಷೆಯ ಮೇಲೆ ಆಗಬೇಕು, ಅಥವಾ ಪ್ರತಿ ಗುರುತನ್ನೂ ಚಾವಣಿಯ ನಿರ್ದೇಶಾಂಕಕ್ಕೆ ತಂದು ಒಂದೇ ಜಾಗದವನ್ನು ವಿಲೀನ ಮಾಡಬೇಕು.

ವಿಲೀನ ಮಾಡುವಾಗ ಸ್ಥಳದ ನಿಖರತೆ ಅಡ್ಡ ಬರುತ್ತದೆ. ಸಾಮಾನ್ಯ ಜಿಪಿಎಸ್ ಮೀಟರುಗಟ್ಟಲೆ ಸರಿಯಬಹುದು. ನೆಲದ ಕೇಂದ್ರದಿಂದ ತಿದ್ದುಪಡಿ ಪಡೆಯುವ ಆರ್‌ಟಿಕೆ ಜಿಪಿಎಸ್ ಇದ್ದರೆ ಕೆಲವೇ ಸೆಂಟಿಮೀಟರ್. ಆರ್‌ಟಿಕೆ ಇಲ್ಲದೆ ಅರ್ಧ ಮೀಟರ್ ಒಳಗಿನದನ್ನು ವಿಲೀನ ಮಾಡು ಎಂದರೆ ಒಂದೇ ದೋಷ ಮೂರಾಗಿ ಉಳಿಯುತ್ತದೆ. ಎರಡು ಮೀಟರ್ ಎಂದರೆ ಮೂರು ದೋಷ ಒಂದಾಗುತ್ತದೆ. ಚಾವಣಿಯ ನಾಲ್ಕು ಮೂಲೆಗೂ ನಡುವೆಯೂ ಐದು ಗುರುತುಫಲಕ ಇಟ್ಟು, ಅವುಗಳ ನಡುವಿನ ದೂರವನ್ನು ಟೇಪಿನಿಂದ ಅಳೆದು ಬರೆದುಕೊಳ್ಳಿ. ನಕ್ಷೆಯಲ್ಲಿ ಅದೇ ದೂರಕ್ಕೆ ಬೇರೆ ಸಂಖ್ಯೆ ಬಂದರೆ ದೋಷಗಳ ವಿಸ್ತೀರ್ಣವೂ ತಪ್ಪೆಂದೇ ಅರ್ಥ. ಉದ್ದದಲ್ಲಿ 5% ತಪ್ಪಿದರೆ ವಿಸ್ತೀರ್ಣದಲ್ಲಿ 10% ತಪ್ಪುತ್ತದೆ. ಟೇಪು ಇಲ್ಲದಿದ್ದರೆ ಮೆಂಬ್ರೇನ್ ರೋಲಿನ ಅಗಲವೇ ಅಳತೆಗೋಲು. ಜಾಯಿಂಟ್‌ನಿಂದ ಜಾಯಿಂಟ್‌ಗೆ ಇರುವ ದೂರ ಚಾವಣಿಯುದ್ದಕ್ಕೂ ಒಂದೇ ಬರಬೇಕು.

ಪರೀಕ್ಷಾ ಹಲಗೆ

ಮಾಡೆಲ್ ಎಲ್ಲಿಯವರೆಗೆ ನೋಡಬಲ್ಲದು ಎಂದು ವಾದಿಸುವ ಬದಲು ಅಳೆಯಬಹುದು. ಮೆಂಬ್ರೇನ್‌ನ ಬಣ್ಣದ್ದೇ ಒಂದು ಹಲಗೆ ತೆಗೆದುಕೊಂಡು, ಅದರ ಮೇಲೆ 1, 2, 3, 5, 10 ಮಿ.ಮೀ. ದಪ್ಪದ, 200 ಮಿ.ಮೀ. ಉದ್ದದ ಗೆರೆಗಳನ್ನು ಎಳೆಯಿರಿ. ಪಕ್ಕದಲ್ಲಿ ಕತ್ತರಿಸಿದ ಮೆಂಬ್ರೇನ್ ತುಂಡಿಗೆ ಚಾಕುವಿನಿಂದ ನಿಜವಾದ ಸೀಳುಗಳನ್ನು ಮಾಡಿ ಇಡಿ. ಬರೀ ಗೆರೆ ಸಾಲದು, ಸೀಳಿಗೆ ತುಟಿಯೂ ನೆರಳೂ ಇರುತ್ತದೆ. ಗಾಳಿಗೆ ಹಾರದಂತೆ ತೂಕ ಹೇರಿ, ಪ್ರತಿ ಸಮೀಕ್ಷೆಯಲ್ಲೂ ಇವು ಚಿತ್ರದೊಳಗೆ ಬರುವಂತೆ ನೋಡಿಕೊಳ್ಳಿ. 5 ಮಿ.ಮೀ. ಸೀಳು ಸಿಕ್ಕಿ 3 ಮಿ.ಮೀ. ಸಿಗದಿದ್ದರೆ ಆ ದಿನದ ವರದಿಯ ಮಿತಿ ಅದು. ಮಿತಿಯನ್ನು ವರದಿಯ ಮೊದಲ ಪುಟದಲ್ಲೇ ಬರೆಯಿರಿ.

ತೇವದ ಪ್ರಶ್ನೆ

ಸಾಮಾನ್ಯ ಫೋಟೊ ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಮೆಂಬ್ರೇನ್ ಕೆಳಗಿನ ಇನ್ಸುಲೇಷನ್ (ಶಾಖ ತಡೆಯುವ ಪದರ) ನೆನೆದಿದೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ‘ತೇವದ ಸಾಧ್ಯತೆ’ ಎಂದು ಬಣ್ಣ ಬಳಿದು ಕೊಟ್ಟರೆ ಅದು ಕಲೆಯನ್ನು ನೋಡಿ ಮಾಡಿದ ಊಹೆ. ಶಾಖವನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಬೇಕು, ಅದಕ್ಕೆ ಸರಿಯಾದ ಸಮಯವೂ ಬೇಕು. ಬಿಸಿಲಿದ್ದ ದಿನ ಸಂಜೆ, ಆಕಾಶ ತಿಳಿಯಾಗಿ, ಗಾಳಿ ಕಡಿಮೆಯಿದ್ದು, ಮೇಲ್ಮೈ ಒಣಗಿದ್ದಾಗ, ಸೂರ್ಯ ಮುಳುಗಿದ ಮೇಲೆ ತೆಗೆಯಬೇಕು. ನೆನೆದ ಇನ್ಸುಲೇಷನ್ ಹಗಲಿನ ಶಾಖವನ್ನು ಹೆಚ್ಚು ಹಿಡಿದಿಟ್ಟುಕೊಂಡು ಸುತ್ತಲಿನದಕ್ಕಿಂತ ನಿಧಾನವಾಗಿ ತಣಿಯುವುದರಿಂದ ಬೆಚ್ಚಗೆ ಕಾಣುತ್ತದೆ. ಈ ವಿಧಾನಕ್ಕೆ ಎಎಸ್‌ಟಿಎಂ ಸಿ1153 ಎಂಬ ಮಾನದಂಡವಿದೆ. ನಡುಹಗಲಿನ ಥರ್ಮಲ್ ಚಿತ್ರದಿಂದ ತೇವದ ನಕ್ಷೆ ಮಾಡಿದ್ದರೆ ಅದನ್ನು ಬದಿಗಿಡಿ.

ಬೆಚ್ಚಗಿನ ಮಚ್ಚೆಯ ಆಕಾರವೂ ಮಾತಾಡುತ್ತದೆ. ನೀರು ಹೀರುವ ಹಲಗೆಗಳಾದರೆ ಮಚ್ಚೆ ಹಲಗೆಯ ಆಯತಾಕಾರದಲ್ಲೇ ಬರುತ್ತದೆ. ಮುಚ್ಚಿದ ಕೋಶಗಳ ಫೋಮ್ ಆದರೆ ನೀರು ಅಂಚುಗಳಲ್ಲಿ ಸೇರಿ ಚೌಕಟ್ಟಿನಂತೆ ಕಾಣುತ್ತದೆ. ಚೌಕಟ್ಟಿನ ಆಕಾರವನ್ನು ‘ಜಾಯಿಂಟ್‌ನ ಶಾಖ’ ಎಂದು ಮಾಡೆಲ್ ಬಿಟ್ಟುಬಿಡುವುದುಂಟು. ಸುಳ್ಳು ಮಚ್ಚೆಗಳಿಗೆ ಕಾರಣ: ಕೆಳಗೆ ಹಾದುಹೋಗುವ ಬಿಸಿ ಪೈಪು, ಯಂತ್ರಗಳಿಂದ ಬೀಸುವ ಬಿಸಿಗಾಳಿ, ದಪ್ಪ ತೇಪೆ, ರಾಶಿಬಿದ್ದ ಜಲ್ಲಿ. ಹೊಳೆಯುವ ಅಲ್ಯೂಮಿನಿಯಂ ಲೇಪನವಿದ್ದರೆ ಕ್ಯಾಮೆರಾ ಚಾವಣಿಯ ಬದಲು ತಣ್ಣನೆಯ ಆಕಾಶದ ಪ್ರತಿಬಿಂಬವನ್ನು ಅಳೆಯುತ್ತದೆ. ಮೆಂಬ್ರೇನ್ ಮೇಲೆ ಇನ್ಸುಲೇಷನ್ ಹಾಸಿದ ತಲೆಕೆಳಗಾದ ಚಾವಣಿಗೆ ಈ ವಿಧಾನವೇ ಹೊಂದುವುದಿಲ್ಲ.

ಥರ್ಮಲ್ ಮಚ್ಚೆಯನ್ನು ವಿದ್ಯುತ್ ತೇವಮಾಪಕದಿಂದ ತಾಳೆ ನೋಡುವಾಗ ಒಂದು ಎಚ್ಚರಿಕೆ: ಕಪ್ಪು ಇಪಿಡಿಎಂನಲ್ಲಿರುವ ಇಂಗಾಲ ವಿದ್ಯುತ್ತನ್ನು ಹರಿಯಬಿಡುವುದರಿಂದ ಮಾಪಕ ಒಣ ಜಾಗದಲ್ಲೂ ತೇವ ಎನ್ನುತ್ತದೆ. ಕೊನೆಯ ಮಾತು ಚಾವಣಿಯನ್ನು ಕೊರೆದು ತೆಗೆದ ಮಾದರಿಯದ್ದು. ಮಚ್ಚೆಯೊಳಗೆ ಒಂದು, ಹೊರಗಿನ ಒಣ ಜಾಗದಲ್ಲಿ ಒಂದು ತೆಗೆದು, ತೂಗಿ, ಒಣಗಿಸಿ, ಮತ್ತೆ ತೂಗಿ. ಕೊರೆಯುವ ಮೊದಲು ಖಾತರಿ ಪತ್ರ ಓದಿ. ಅನುಮತಿಯಿಲ್ಲದ ರಂಧ್ರ ಖಾತರಿಗೆ ಕುತ್ತು ತರಬಹುದು. ರಂಧ್ರವನ್ನು ಅದೇ ಬಗೆಯ ಮೆಂಬ್ರೇನ್‌ನಿಂದ ಆಗಲೇ ಮುಚ್ಚಿ.

ಕೆಳಗೆ ಹನಿಯುವ ಜಾಗಕ್ಕೂ ಮೇಲೆ ಗುರುತಾದ ದೋಷಕ್ಕೂ ತಾಳೆಯಿಲ್ಲವೆಂದು ವರದಿಯನ್ನು ಸುಳ್ಳೆನ್ನಬೇಡಿ. ಚಾವಣಿಯನ್ನು ಹೊತ್ತ ತಳ (ಡೆಕ್) ತಗಡಿನದಾದರೆ ನೀರು ಅದರ ಕಾಲುವೆಗಳಲ್ಲಿ ದೂರ ಓಡಿ ಎಲ್ಲೋ ಇಳಿಯುತ್ತದೆ. ಹನಿಯುವ ಬಿಂದುವಿನಿಂದ ಇಳಿಜಾರಿನ ಮೇಲ್ಗಡೆಗೆ, ಕಾಲುವೆಗಳ ದಿಕ್ಕಿನಲ್ಲಿ ಹುಡುಕಿ.

ಮಿತಿಸಂಖ್ಯೆ ಮತ್ತು ಅಂಕ

ಫೋಟೊ, ಗಾತ್ರ, ಜೋಡಣೆ ಎಲ್ಲ ಸರಿಯಿದ್ದ ಮೇಲೆಯೇ ಮಾಡೆಲ್‌ನ ವಿಶ್ವಾಸ ಮಿತಿಯನ್ನು, ಅಂದರೆ ಅದಕ್ಕೆ ಎಷ್ಟು ಖಾತ್ರಿಯಿದ್ದರೆ ದೋಷವೆಂದು ಗುರುತಿಸಬೇಕು ಎಂಬ ಸಂಖ್ಯೆಯನ್ನು, ಮುಟ್ಟಬೇಕು. ಚಾವಣಿಯಲ್ಲಿ 3 ಮೀಟರ್ ಚೌಕದ ಹತ್ತು ತುಂಡು ಆರಿಸಿ. ಐದು ಕೆಟ್ಟವು, ಐದು ನೋಡಲು ಶುದ್ಧವಾದವು. ಬಲ್ಲವರೊಬ್ಬರು ಮೊಣಕಾಲೂರಿ ಪರೀಕ್ಷಿಸಿ ಎಲ್ಲ ದೋಷ ಬರೆಯಲಿ. ಮನುಷ್ಯ ಕಂಡದ್ದು 20, ಮಾಡೆಲ್ ಗುರುತಿಸಿದ್ದು 30, ತಾಳೆಯಾದದ್ದು 15 ಎಂದುಕೊಳ್ಳಿ. ಗುರುತುಗಳಲ್ಲಿ ಅರ್ಧ ಸುಳ್ಳು, ನಿಜವಾದ ದೋಷಗಳಲ್ಲಿ ಕಾಲುಭಾಗ ತಪ್ಪಿಹೋಗಿದೆ. ಮಿತಿಯನ್ನು 0.5ರಿಂದ 0.25ಕ್ಕೆ ಇಳಿಸಿದರೆ ತಪ್ಪಿದ್ದು ಕಡಿಮೆಯಾಗುತ್ತದೆ, ಸುಳ್ಳು ಹೆಚ್ಚುತ್ತದೆ. ಚಾವಣಿಯ ವಿಷಯದಲ್ಲಿ ಸುಳ್ಳನ್ನು ಸಹಿಸುವುದೇ ಮೇಲು. ಸುಳ್ಳು ಗುರುತನ್ನು ಹೋಗಿ ನೋಡಿದರೆ ಹತ್ತು ನಿಮಿಷ ಹೋಗುತ್ತದೆ. ತಪ್ಪಿದ ತೂತು ಮಳೆಗಾಲವಿಡೀ ಇನ್ಸುಲೇಷನ್‌ಗೆ ನೀರುಣಿಸುತ್ತದೆ. ಮಿತಿ ಇಳಿಸಿದರೂ ತಪ್ಪಿದ ಐದು ಸಿಗದಿದ್ದರೆ ಆ ಬಗೆಯ ದೋಷ ಮಾಡೆಲ್‌ಗೆ ಕಲಿಸಿಯೇ ಇಲ್ಲ. ಅಂಥ ಚಿತ್ರಗಳನ್ನು, ಜೊತೆಗೆ ಸುಳ್ಳು ಗುರುತಾದ ತಂತಿ, ತೇಪೆ, ಉಕ್ಕಿದ ಡಾಂಬರಿನ ಚಿತ್ರಗಳನ್ನೂ ಗುರುತು ಹಾಕಿ ತರಬೇತಿಗೆ ಕೊಡಬೇಕು.

‘ಚಾವಣಿಗೆ 100ಕ್ಕೆ 72’ ಎಂಬಂಥ ಒಟ್ಟು ಅಂಕ ಹೇಗೆ ಬಂತು ಎಂದು ಕೇಳದೆ ಒಪ್ಪಬೇಡಿ. ದೋಷದ ವಿಸ್ತೀರ್ಣವನ್ನೇ ತೂಗಿದರೆ 20 ಚದರ ಮೀಟರಿನ ನಿರುಪದ್ರವಿ ಕೊಳೆ ಅಂಕವನ್ನು ನೆಲಕ್ಕೆ ಎಳೆಯುತ್ತದೆ, ಡ್ರೈನ್ ಪಕ್ಕದ 5 ಮಿ.ಮೀ. ತೂತು ಅಂಕವನ್ನು ಅಲುಗಾಡಿಸುವುದೂ ಇಲ್ಲ. ಅಡುಗೆಮನೆಯ ಹೊಗೆಕೊಳವೆಯ ಸುತ್ತಲಿನ ಜಿಡ್ಡೂ ವರದಿಯಲ್ಲಿ ‘ಕಲೆ’ ಎಂದೇ ಇರುತ್ತದೆ, ಆದರೆ ಎಣ್ಣೆ ಇಪಿಡಿಎಂ ಅನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ದೋಷದ ಬಗೆ, ಅದಿರುವ ಜಾಗ, ಅಲ್ಲಿಗೆ ನೀರು ಸೇರುತ್ತದೆಯೇ, ಈ ಮೂರನ್ನು ನೋಡಿ ಕೈಯಿಂದಲೇ ಕ್ರಮ ಹಾಕುವುದು ಸದ್ಯಕ್ಕೆ ಹೆಚ್ಚು ಭರವಸೆಯದ್ದು.

ಮಾತಾಡುವ ಎಐಗೆ ಫೋಟೊ ತೋರಿಸಿದಾಗ

ಚಾಟ್ ರೂಪದ ಸಾಮಾನ್ಯ ಎಐಗೆ ಫೋಟೊ ಕೊಟ್ಟು ‘ಏನು ಕೆಟ್ಟಿದೆ?’ ಎಂದು ಕೇಳಿದರೆ ಅದು ಏನಾದರೊಂದು ಹುಡುಕಿ ಕೊಡುತ್ತದೆ, ಪ್ರಶ್ನೆಯೇ ಹಾಗಿದೆ. ಪರೀಕ್ಷಿಸಲು ಹೊಸದಾಗಿ ಹಾಸಿದ, ದೋಷವಿಲ್ಲದ ಚಾವಣಿಯ ಫೋಟೊ ಕೊಟ್ಟು ಅದನ್ನೇ ಕೇಳಿ. ಅದೇ ಫೋಟೊವನ್ನು ಎಡಬಲ ತಿರುಗಿಸಿ ಇನ್ನೊಂದು ಸಂಭಾಷಣೆಯಲ್ಲಿ ಕೇಳಿ. ಉತ್ತರ ಬದಲಾದರೆ ಎರಡನ್ನೂ ನಂಬಬೇಡಿ. ಚಿತ್ರದ ಮೇಲೆ 4 × 4 ಚೌಕಜಾಲ ಎಳೆದು, ‘ಯಾವ ಚೌಕದಲ್ಲಿ ತೆರೆದ ಜಾಯಿಂಟ್ ಕಾಣುತ್ತದೆ, ಕಾಣದಿದ್ದರೆ ಕಾಣುವುದಿಲ್ಲ ಎನ್ನಿ’ ಎಂದು ಕೇಳಿದರೆ ಉತ್ತರವನ್ನು ಪರಿಶೀಲಿಸಬಹುದು. ಚಾವಣಿಯ ವಯಸ್ಸು, ಮೆಂಬ್ರೇನ್ ದಪ್ಪ, ಉಳಿದ ಆಯುಸ್ಸು ಕೇಳಲೇಬೇಡಿ. ಫೋಟೊದಲ್ಲಿ ಅವು ಇಲ್ಲ.

ಹಿಂದಿನ ವರ್ಷದ ಜೊತೆ ಹೋಲಿಕೆ

‘ಹೊಸ ದೋಷ 40’ ಎಂದು ಹೋಲಿಕೆ ವರದಿ ಕೂಗಿದಾಗ ಎರಡೂ ಸಮೀಕ್ಷೆಗಳ ಗಂಟೆ, ಎತ್ತರ, ಮಾಡೆಲ್ ಆವೃತ್ತಿ ನೋಡಿ. ಈ ಮೂರರಲ್ಲೊಂದು ಬದಲಾಗಿದ್ದರೂ ಬದಲಾವಣೆ ಚಾವಣಿಯದ್ದೋ ಅಳತೆಯದ್ದೋ ಹೇಳಲಾಗದು. ಆಗ ಹಳೆಯ ಫೋಟೊಗಳನ್ನೇ ಹೊಸ ಮಾಡೆಲ್‌ಗೆ ಮತ್ತೆ ಉಣಿಸಿ. ಹಳೆಯದರಲ್ಲೂ ಆ ನಲವತ್ತು ಸಿಕ್ಕರೆ ಅವು ಆಗಲೇ ಇದ್ದವು. ಇದಕ್ಕಾಗಿ ಮೂಲ ಕಡತಗಳು ಉಳಿದಿರಬೇಕು. ವರದಿಯ ಪಿಡಿಎಫ್ ಮಾತ್ರ ಇಟ್ಟುಕೊಂಡು ಫೋಟೊಗಳನ್ನು ಅಳಿಸಿದ್ದರೆ ಈ ಪರೀಕ್ಷೆ ಮಾಡಲಾಗದು. ಪ್ರತಿ ಸಮೀಕ್ಷೆಯ ಕಡತಕೋಶದಲ್ಲಿ ಮೂಲ ಚಿತ್ರಗಳ ಜೊತೆ ಚಾವಣಿಯಿಂದ ಹಾರಾಟದ ಎತ್ತರ, ಶಟರ್, ವೇಗ, ಗಂಟೆ, ಕೊನೆಯ ಮಳೆ ಬಿದ್ದ ದಿನ, ಮಾಡೆಲ್ ಆವೃತ್ತಿ, ವಿಶ್ವಾಸ ಮಿತಿ, ಪರೀಕ್ಷಾ ಹಲಗೆಯಲ್ಲಿ ಸಿಕ್ಕ ಅತಿ ಕಿರಿದಾದ ಸೀಳಿನ ಅಳತೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಡಿ.